ಓಟೆಯಿಂದ ಬೇರು, ಕಸಿಯಿಂದ ಹಣ್ಣು

ಕೋಲಾರ ಸೀಮೆಯಲ್ಲಿ ಮಾವಿನ ಮರವೆಂದರೆ ಬಹುಕಾಲ ಓಟೆಯಿಂದ ಎದ್ದ ಮರವೇ. ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ಗುಂಡುತೋಪುಗಳಲ್ಲಿ ಹುಣಸೆ, ಹೊಂಗೆ, ನೇರಳೆಗಳ ನಡುವೆ ಬೆಳೆದ ನಾಟಿ ಮಾವುಗಳಲ್ಲಿ ಒಂದರ ಹಣ್ಣು ಸಿಹಿ, ಪಕ್ಕದ್ದು ಬರೀ ನಾರು, ಮತ್ತೊಂದು ಉಪ್ಪಿನಕಾಯಿಗೇ ಲಾಯಕ್ಕು. ಬಯಲುಸೀಮೆಯ ತಳಿಗಳ ಓಟೆಯೊಳಗೆ ಸಾಮಾನ್ಯವಾಗಿ ಇರುವುದು ಒಂದೇ ಭ್ರೂಣ. ಎರಡು ಮರಗಳ ಗುಣ ಬೆರೆತು ಹುಟ್ಟಿದ ಅದು ತಾಯಿಮರವನ್ನೇ ಹೋಲಬೇಕೆಂದಿಲ್ಲ. ಪಶ್ಚಿಮ ಕರಾವಳಿಯ ಓಲೂರು, ಬಪ್ಪಕಾಯಿ ತಳಿಗಳ ಮಾತು ಬೇರೆ: ಅಲ್ಲಿ ಒಂದೇ ಓಟೆಯಿಂದ ಹಲವು ಸಸಿ ಏಳುತ್ತವೆ, ಹೆಚ್ಚಿನವು ತಾಯಿಯ ಗುಣದವೇ.

ರಾಗಿ, ಅವರೆಯಂತೆ ಮಾವಿನ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡಲಾಗದು. ಒಣಗಿದರೆ ಕೆಲವೇ ವಾರಗಳಲ್ಲಿ ಅದರ ಜೀವ ಹೋಗುತ್ತದೆ. ಹಾಗಾಗಿ ಹಣ್ಣಿನ ಸುಗ್ಗಿಯೇ ಬಿತ್ತನೆಯ ಕಾಲ. ತಿರುಳು ತೊಳೆದು, ನೆರಳಲ್ಲಿ ಆರಿಸಿ, ನೀರಿಗೆ ಹಾಕಿದಾಗ ತೇಲಿದ್ದನ್ನು ಬಿಸಾಡುತ್ತಾರೆ. ಗಟ್ಟಿ ಸಿಪ್ಪೆ ಬಿಡಿಸಿದರೆ ಮೊಳಕೆ ಬೇಗ. ಓಟೆ ಕೊರೆಯುವ ಮೂತಿಹುಳು ಒಳಗಿದ್ದರೆ ಅದೂ ಆಗಲೇ ಕಣ್ಣಿಗೆ ಬೀಳುತ್ತದೆ. ಮರಳು, ಗೊಬ್ಬರ ಬೆರೆತ ಮಡಿಯಲ್ಲಿ ಹೊಟ್ಟೆಭಾಗ ಕೆಳಗಾಗುವಂತೆ ಊರಿದರೆ ಎರಡು ಮೂರು ವಾರದಲ್ಲಿ ತಾಮ್ರಬಣ್ಣದ ಎಳೆ ಚಿಗುರು ಕಾಣುತ್ತದೆ. ತಲೆಕೆಳಗಾಗಿ ಊರಿದ ಓಟೆಯ ಸಸಿಯ ಬುಡ ಸೊಟ್ಟ, ಕಸಿಗೆ ಒದಗದು.

ಕಸಿ ಗಿಡದ ತೋಟಗಳು ಹರಡಿದಂತೆ ಓಟೆಯ ಕೆಲಸ ಬದಲಾಯಿತು. ಹಣ್ಣನ್ನು ನಿರ್ಧರಿಸುತ್ತಿದ್ದ ಬೀಜ ಈಗ ಬೇರನ್ನಷ್ಟೇ ಕೊಡಬೇಕು. ಬೆಂಗಳೂರಿನ ಲಾಲ್‌ಬಾಗ್ ಈ ವಿದ್ಯೆಯ ದೊಡ್ಡ ನೆಲೆ. 1908ರಲ್ಲಿ ಅಲ್ಲಿಗೆ ಬಂದ ಜರ್ಮನ್ ಸಸ್ಯತಜ್ಞ ಜಿ.ಎಚ್. ಕೃಂಬಿಗಲ್, ಆಮೇಲೆ ತೋಟಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಎಂ.ಎಚ್. ಮರಿಗೌಡ ತೋಟಗಾರಿಕೆಯನ್ನು ಬೆಳೆಸಿದರು. ತಾಲ್ಲೂಕುಗಳಲ್ಲಿ ಸರ್ಕಾರಿ ತೋಟ, ಸಸ್ಯಕ್ಷೇತ್ರಗಳು ಹಬ್ಬಿದ್ದು ಬಹುಮಟ್ಟಿಗೆ ಮರಿಗೌಡರ ಕಾಲದಲ್ಲಿ. ಕೋಲಾರ ಸೀಮೆಯ ಶ್ರೀನಿವಾಸಪುರ ಮಾವಿನ ಊರಾಯಿತು. ಹೊಳೆಯ ಆಸರೆಯಿಲ್ಲದೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯನ್ನೇ ನೆಚ್ಚಿದ ಕೆಂಪು ನೆಲಕ್ಕೆ ಈ ಬೆಳೆ ಹೊಂದಿತು. ತಾಲ್ಲೂಕಿನ ಹೊಗಳಗೆರೆಯಲ್ಲಿ ತೋಟಗಾರಿಕೆ ಇಲಾಖೆಯ ಮಾವು ಅಭಿವೃದ್ಧಿ ಕೇಂದ್ರವಿದೆ.

ಹಳೆಯ ಪದ್ಧತಿ ಸಾಮೀಪ್ಯ ಕಸಿ. ಕುಂಡದಲ್ಲಿ ವರ್ಷ ಬೆಳೆದ ಸಸಿಯನ್ನು ಬಾದಾಮಿ ಅಥವಾ ರಸಪುರಿ ತಳಿಯ ಮಾವಿನ ಮರದ ಬಳಿ ಅಟ್ಟಣೆಯ ಮೇಲಿಟ್ಟು, ಎರಡರ ತೊಗಟೆ ಕೆತ್ತಿ ಕೂಡಿಸಿ, ಬೆಸೆಯುವವರೆಗೆ ಎರಡು ಮೂರು ತಿಂಗಳು ನೀರು ಹಾಕಬೇಕು. ಒಂದು ಮರಕ್ಕೆ ಎಷ್ಟು ಕುಂಡ ಕಟ್ಟಲಾದೀತು? ಓಟೆ ಕಸಿ ಈ ತೊಡಕು ಬಿಡಿಸಿತು: ಮೊಳೆತು ಒಂದೆರಡು ವಾರವಾದ ಸಸಿಗೇ ಬೇಕಾದ ತಳಿಯ ಕಡ್ಡಿ ಕೂಡಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದರಾಯಿತು. ಆದರೆ ಅದಕ್ಕೆ ಗಾಳಿಯಲ್ಲಿ ತೇವ ಬೇಕು. ಒಣಸೀಮೆಗೆ ಒಗ್ಗುವುದು ಬೆಳೆದ ಸಸಿಯ ಎಳೆ ಚಿಗುರಿಗೆ ಕಡ್ಡಿ ಕೂಡಿಸುವ ಮೃದುಕಾಂಡ ಕಸಿಯೇ. ಹೊಲದ ಗುಂಡಿಯಲ್ಲೇ ಓಟೆ ಊರಿ, ಸಸಿ ಬಲಿತ ಮೇಲೆ ಅಲ್ಲೇ ಕಸಿ ಮಾಡಿದರೆ ತಾಯಿಬೇರು ಕಡಿಯದೆ ಆಳಕ್ಕಿಳಿಯುತ್ತದೆ. ಕಸಿಯ ಗಂಟಿನ ಕೆಳಗೆ ಒಡೆಯುವ ಚಿಗುರನ್ನು ಮಾತ್ರ ಚಿವುಟುತ್ತಲೇ ಇರಬೇಕು. ಬಿಟ್ಟರೆ ನಾಟಿ ಮಾವೇ ಮೇಲಾಗಿ ಬಾದಾಮಿಯ ಕಡ್ಡಿ ಸೊರಗುತ್ತದೆ.