ಭಾರತೀಯ ಮಹಿಳಾ ಸಂಘ ಮತ್ತು ಮತಾಧಿಕಾರದ ಮೊದಲ ದಶಕ

ಭಾರತದ ಸ್ತ್ರೀಯರಿಗೆ ಮತಾಧಿಕಾರವು 1950ರ ಸಂವಿಧಾನದೊಡನೆ ಅಯಾಚಿತವಾಗಿ ಲಭಿಸಿತೆಂಬ ಭಾವನೆಯು ವಿದ್ಯಾವಂತರಲ್ಲಿಯೂ ಪ್ರಚಲಿತವಾಗಿದೆಯಾದರೂ, ಅದಕ್ಕೆ ಮೂರು ದಶಕಗಳ ಹಿಂದೆಯೇ ಆ ಹಕ್ಕನ್ನು ವಿಧಿವತ್ತಾಗಿ ಕೇಳಿ, ಪ್ರಾಂತ ಪ್ರಾಂತಗಳಲ್ಲಿ ಅದಕ್ಕಾಗಿ ವಾದಿಸಿ, ಅಂಶತಃ ಗೆದ್ದ ಸಂಸ್ಥೆಯೊಂದಿದ್ದಿತು. 1917ರ ಮೇ ತಿಂಗಳಿನಲ್ಲಿ ಮದರಾಸಿನ ಅಡಯಾರಿನಲ್ಲಿ ಜನ್ಮತಾಳಿದ ಭಾರತೀಯ ಮಹಿಳಾ ಸಂಘವೇ ಅದು. ಆನಿ ಬೆಸೆಂಟರು ಅದರ ಪ್ರಥಮಾಧ್ಯಕ್ಷೆಯಾಗಿದ್ದರು. ಡೊರೊತಿ ಜಿನರಾಜದಾಸರೂ, ಐರ್ಲೆಂಡಿನ ಮತಾಧಿಕಾರ ಚಳವಳಿಯಲ್ಲಿ ಪಳಗಿ ಬಂದಿದ್ದ ಮಾರ್ಗರೆಟ್ ಕಸಿನ್ಸರೂ ಅದರ ಸ್ಥಾಪಕರಲ್ಲಿ ಪ್ರಮುಖರು.

ರಾಜಕೀಯ ಸುಧಾರಣೆಗಳ ವಿಚಾರಣೆಗಾಗಿ ಭಾರತಕ್ಕೆ ಬಂದಿದ್ದ ಬ್ರಿಟಿಷ್ ಸರ್ಕಾರದ ಭಾರತಸಚಿವ ಮಾಂಟೆಗೂರವರ ಮುಂದೆ ಸ್ತ್ರೀಶಿಕ್ಷಣದ ವಿಷಯವನ್ನು ನಿವೇದಿಸಲು ಕಸಿನ್ಸರು ಅನುಮತಿ ಕೋರಿದಾಗ, ರಾಜಕೀಯ ವಿಷಯಗಳಿಗಲ್ಲದೆ ಸಂದರ್ಶನಕ್ಕೆ ಅವಕಾಶವಿಲ್ಲವೆಂಬ ಉತ್ತರವು ಬಂದಿತು. ಆ ನಿರಾಕರಣೆಯೇ ಮತಾಧಿಕಾರದ ಬೇಡಿಕೆಯನ್ನು ಮುಂದಿಡಲು ಪ್ರೇರಕವಾಯಿತು. 1917ರ ಡಿಸೆಂಬರ್ 18ರಂದು ಸರೋಜಿನಿ ನಾಯುಡುರವರ ನೇತೃತ್ವದ ನಿಯೋಗವು ಮದರಾಸಿನಲ್ಲಿ ಸಚಿವರನ್ನು ಕಂಡು, ಪುರುಷರಿಗಿರುವ ನಿಬಂಧನೆಗಳ ಮೇಲೆಯೇ ಸ್ತ್ರೀಯರಿಗೂ ಮತ ನೀಡಬೇಕೆಂದು ಕೇಳಿತು.

ಮತಾಧಿಕಾರದ ನಿಬಂಧನೆಗಳನ್ನು ಪರಿಶೀಲಿಸಲು ನೇಮಕಗೊಂಡ ಸೌತ್‌ಬರೋ ಸಮಿತಿಯು ದೇಶದ ಸಾಮಾಜಿಕ ಪರಿಸ್ಥಿತಿಯ ನೆಪದಿಂದ ಈ ಬೇಡಿಕೆಯನ್ನು ತಳ್ಳಿಹಾಕಿತು. ಬೆಸೆಂಟ್, ಸರೋಜಿನಿ, ಹೀರಾಬಾಯಿ ತಾತಾ ಮೊದಲಾದವರು 1919ರಲ್ಲಿ ಲಂಡನ್ನಿನಲ್ಲಿ ವಾದಿಸಿದ ಬಳಿಕವೂ, ಬ್ರಿಟಿಷ್ ಪಾರ್ಲಿಮೆಂಟು ತಾನಾಗಿ ನಿರ್ಣಯಿಸದೆ, ಲಿಂಗಾಧಾರಿತ ಅನರ್ಹತೆಯನ್ನು ನೀಗುವ ಅಧಿಕಾರವನ್ನು ಪ್ರಾಂತೀಯ ಶಾಸನಸಭೆಗಳಿಗೆ ಬಿಟ್ಟುಕೊಟ್ಟಿತು. ಹೊಣೆಯನ್ನು ಜಾರಿಸಿಕೊಳ್ಳುವ ಈ ಉಪಾಯವೇ ಸಂಘಕ್ಕೆ ಅನುಕೂಲವಾಗಿ ಪರಿಣಮಿಸಿತೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಊರೂರುಗಳಲ್ಲಿ ಶಾಖೆಗಳನ್ನೂ, ‘ಸ್ತ್ರೀ ಧರ್ಮ’ವೆಂಬ ಸ್ವಂತ ಪತ್ರಿಕೆಯನ್ನೂ ಹೊಂದಿದ್ದ ಸಂಘವು, ದೂರದ ಲಂಡನ್ನಿನಲ್ಲಿ ಸಾಧಿಸಲಾಗದುದನ್ನು ಸಮೀಪದ ಶಾಸನಸಭೆಗಳಲ್ಲಿ ಸಾಧಿಸಬಲ್ಲದಾಗಿದ್ದಿತು. 1921ರಲ್ಲಿ ಮದರಾಸೂ ಮುಂಬಯಿಯೂ ಆ ಅನರ್ಹತೆಯನ್ನು ತೊಡೆದುಹಾಕಿದುವು. 1925ರಲ್ಲಿ ಬಂಗಾಳವೂ ಅದೇ ಮಾರ್ಗವನ್ನನುಸರಿಸಿತು. 1926ರಲ್ಲಿ ಸ್ತ್ರೀಯರಿಗೆ ಸದಸ್ಯತ್ವದ ಬಾಗಿಲೂ ತೆರೆಯಲು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದರಾಸು ಶಾಸನಸಭೆಗೆ ಸ್ಪರ್ಧಿಸಿ ಅತ್ಯಲ್ಪ ಅಂತರದಿಂದ ಪರಾಜಿತರಾದರು. ನಾಮಕರಣದಿಂದ ಸದಸ್ಯೆಯಾದ ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿಯವರು ಅದೇ ಸಭೆಯ ಉಪಾಧ್ಯಕ್ಷ ಪದವಿಗೇರಿದರು.

ಈ ವಿಜಯದ ಪರಿಮಿತಿಯನ್ನೂ ಮರೆಯಲಾಗದು. ಮತವು ಆಸ್ತಿ ಮತ್ತು ತೆರಿಗೆಯ ನಿಬಂಧನೆಗಳಿಗೆ ಕಟ್ಟುಬಿದ್ದಿದ್ದುದರಿಂದ, ಸ್ವಂತ ಹೆಸರಿನಲ್ಲಿ ಭೂಮಿಯಿಲ್ಲದ ಬಹುಸಂಖ್ಯಾತ ಸ್ತ್ರೀಯರು, ಬಡ ಪುರುಷರಂತೆಯೇ, ಹೊರಗುಳಿದರು. ಆದರೂ ಸ್ತ್ರೀಯೆಂಬ ಕಾರಣಮಾತ್ರದಿಂದ ಪೌರತ್ವವನ್ನು ನಿರಾಕರಿಸಲಾಗದೆಂಬ ತತ್ತ್ವವನ್ನು ಶಾಸನಸಭೆಗಳ ಬಾಯಿಂದಲೇ ಹೇಳಿಸಿದುದು ಸಂಘದ ಶಾಶ್ವತವಾದ ಸಾಧನೆ. ಸಂವಿಧಾನವು ವಯಸ್ಕರೆಲ್ಲರಿಗೂ ಕೊಟ್ಟ ಮತಾಧಿಕಾರದ ಚರಿತ್ರೆಯನ್ನು ಬರೆಯುವವರು ಅದನ್ನು 1917ರಿಂದ ಆರಂಭಿಸುವುದೇ ನ್ಯಾಯ.