ಬಿಡುವುದು ಬೇರೆ, ಹಿಡಿಯುವುದು ಬೇರೆ

ಅಪ್ಪ ತೀರಿಕೊಂಡ ಮೇಲೆ ಅವರ ಜಾವಾ ಮೋಟಾರ್ ಸೈಕಲ್ಲನ್ನು ನನ್ನ ಮಗ ಒಂದು ವರ್ಷ ಕಾಲೇಜಿಗೆ ಓಡಿಸಿದ. ಅವನು ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ಅದು ಹಿತ್ತಿಲ ಶೀಟಿನಡಿ ನಿಂತಿತು. ಕಳೆದ ಬೇಸಿಗೆ ರಜೆಗೆ ಬಂದ ನನ್ನ ತಮ್ಮ, "ಅಕ್ಕಾ, ಸುಮ್ಮನೆ ತುಕ್ಕು ತಿನ್ನಿಸೋದು ಯಾಕೆ? ಹಳೇ ಜಾವಾಗೆ ಈಗ ಒಳ್ಳೆ ಬೆಲೆ ಇದೆಯಂತೆ, ಕೊಟ್ಟುಬಿಡೋಣ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಹೂಂ ಎಂದೆ.

ಮರುದಿನವೇ ಕೊಳ್ಳುವವನೊಬ್ಬ ಬಂದ. ಗಾಡಿಯನ್ನು ಬೀದಿಯ ಕೊನೆವರೆಗೆ ಓಡಿಸಿಕೊಂಡು ಹೋಗಿ ಬಂದು, "ಗೇರು ಬೆಣ್ಣೆ ಥರ ಬೀಳ್ತವೆ ಮೇಡಂ, ಕ್ಲಚ್ಚಿಗೆ ಏನೂ ಆಗಿಲ್ಲ. ಆದರೆ ಪಿಕಪ್ಪೇ ಇಲ್ಲ. ಎಂಜಿನ್ ಹೋಗಿದೆ" ಎಂದು ತೀರ್ಪು ಕೊಟ್ಟ. ಹೇಳಿದ ಬೆಲೆ ಗುಜರಿಗಿಂತ ಸ್ವಲ್ಪ ಮೇಲೆ. ತಮ್ಮ ಕೊಡಲು ಸಿದ್ಧನಾಗಿದ್ದ. ನನಗೇಕೋ ಮನಸ್ಸು ಒಪ್ಪದೆ ಎಂಟು ದಿನ ಬಿಟ್ಟು ಬನ್ನಿ ಎಂದು ಕಳಿಸಿದೆ.

ಮನಸ್ಸು ಒಪ್ಪದಿದ್ದುದಕ್ಕೆ ಕಾರಣ 1982ರ ಒಂದು ಭಾನುವಾರ. ಗ್ರಾಮಸೇವಕರಾಗಿದ್ದ ಅಪ್ಪ ನನ್ನನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದರು. ಅರ್ಧ ಹತ್ತುವಷ್ಟರಲ್ಲಿ ಎಂಜಿನ್ನು ಅರಚಿಕೊಳ್ಳತೊಡಗಿತು, ಗಾಡಿ ಮಾತ್ರ ನಡೆಯುವವರ ಜೊತೆ ನಡೆಯುತ್ತಿತ್ತು. ಸುಟ್ಟ ವಾಸನೆ. ಅಪ್ಪ ತಿರುವಿನಲ್ಲಿ ನಿಲ್ಲಿಸಿ, ಸಿಟ್ಟಾಗದೆ, ಮಗ್ಗಿ ಹೇಳಿಕೊಡುವವರಂತೆ ಹೇಳಿದರು: "ಸದ್ದು ಏರಿ ಓಟ ಏರದಿದ್ದರೆ ಕ್ಲಚ್ಚು. ಸದ್ದೂ ಏರದೆ ಓಟವೂ ಏರದಿದ್ದರೆ ಎಂಜಿನ್ನು, ಇಲ್ಲ ಮಸಿ ಕಟ್ಟಿದ ಸೈಲೆನ್ಸರು. ಓಡುತ್ತಾ ಕಟಕಟ ಅಂದರೆ ಚೈನು." ಆಮೇಲೆ ಎಡಗೈ ಹಿಡಿಯ ಹತ್ತಿರ ಬೆರಳಲ್ಲೇ ಏನನ್ನೋ ತಿರುಗಿಸಿ, ಅರ್ಧ ಗಂಟೆ ನೆರಳಲ್ಲಿ ಕೂತು ಕಡಲೆಕಾಯಿ ತಿನ್ನಿಸಿದರು. ಗಾಡಿ ಬೆಟ್ಟ ಹತ್ತಿತು. ಏನು ತಿರುಗಿಸಿದರು ಎಂದು ನಾನು ಕೇಳಲಿಲ್ಲ. ಹನ್ನೆರಡು ವರ್ಷದವಳಿಗೆ ಕಡಲೆಕಾಯಿಯೇ ಮುಖ್ಯ.

ಕೊಳ್ಳುವವನು ಓಡಿಸಿದಾಗ ಸದ್ದು ಏರಿತ್ತೇ? ಏರಿತ್ತು, ಬೀದಿಯ ನಾಯಿಗಳೆಲ್ಲ ಎದ್ದು ಕೂತಿದ್ದವು. ಹಾಗಾದರೆ ಎಂಜಿನ್ನು ಸತ್ತದ್ದು ಹೇಗೆ? ಮರುದಿನ ಬೆಳಗಿನ ಜಾವ, ನೋಡುವವರು ಏಳುವ ಮೊದಲು, ನಾನೇ ಗಾಡಿ ತೆಗೆದೆ. ಬಿ.ಎಡ್. ಓದುವಾಗ ಅಪ್ಪ ಕಲಿಸಿದ್ದ ವಿದ್ಯೆ. ನಾಲ್ಕನೆಯ ಗೇರಿಗೆ ಹಾಕಿ ಆಕ್ಸಲರೇಟರ್ ತಿರುವಿದೆ. ಕೂಗು ಏರಿತು, ಸ್ಪೀಡೋಮೀಟರಿನ ಮುಳ್ಳು ಏಳಲಿಲ್ಲ. ಎಂಜಿನ್ ಆರಿಸಿ, ಗೇರಿನಲ್ಲೇ ಬಿಟ್ಟು ತಳ್ಳಿದೆ. ಹಾಗೆ ತಳ್ಳಿದಾಗ ಎಂಜಿನ್ನಿನ ಒತ್ತಡ ಚಕ್ರವನ್ನು ತಡೆಯಬೇಕು. ಇದು ಸ್ವಲ್ಪ ತಡವರಿಸಿ ಜಾರಿಕೊಂಡು ಮುಂದೆ ಹೋಯಿತು.

ಇಲ್ಲಿ ಜಾವಾದ ಕಥೆಯನ್ನೊಂದಿಷ್ಟು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸಮಾಜ ವಿಜ್ಞಾನ ಪಾಠ ಮಾಡಿದ್ದೇನೆ. ಮೈಸೂರಿನ ಕೈಗಾರಿಕೆ ಎಂದರೆ 1912ರ ರೇಷ್ಮೆ ನೇಯ್ಗೆ ಕಾರ್ಖಾನೆ, ಗಂಧದೆಣ್ಣೆ ಕಾರ್ಖಾನೆ ಎಂದು ಬರೆಸುತ್ತಿದ್ದೆ. ಅಪ್ಪನ ಗಾಡಿ ಹುಟ್ಟಿದ ಯಾದವಗಿರಿಯ ಕಾರ್ಖಾನೆಯನ್ನು ಒಮ್ಮೆಯೂ ಬರೆಸಲಿಲ್ಲ. ಚೆಕೊಸ್ಲೊವಾಕಿಯಾದಲ್ಲಿ ಆಯುಧ ತಯಾರಿಸುತ್ತಿದ್ದ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕು ಕೊಂಡ. ತನ್ನ ಹೆಸರಿನ ಮೊದಲ ಎರಡಕ್ಷರ, ವಾಂಡರರ್‌ನ ಮೊದಲ ಎರಡಕ್ಷರ ಕೂಡಿಸಿ ಜಾವಾ ಎಂದು ಹೆಸರಿಟ್ಟ. ನಮ್ಮ ದೇಶ ಹೊರಗಿನ ಸಿದ್ಧ ವಾಹನಗಳ ಆಮದನ್ನು ಬಿಗಿಗೊಳಿಸಿದ್ದ ಆ ಕಾಲದಲ್ಲಿ ರುಸ್ತಮ್ ಇರಾನಿ, ಫಾರೂಕ್ ಇರಾನಿ ಎಂಬ ಪಾರಸಿಗಳು ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬಂದವು. ಮೊದಮೊದಲು ಬಿಡಿಭಾಗಗಳು ಅಲ್ಲಿಂದ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು, ಬರುಬರುತ್ತಾ ಎಲ್ಲವೂ ಇಲ್ಲೇ ತಯಾರಾದವು. ಮದರಾಸಿನ ಎನ್‌ಫೀಲ್ಡ್, ಫರೀದಾಬಾದಿನ ರಾಜದೂತ್, ನಮ್ಮ ಜಾವಾ, ಆ ದಿನಗಳ ರಸ್ತೆಗೆ ಇವೇ ಮೂರು. 1973ರಲ್ಲಿ ಜಾವಾ ಎಂಬ ಹೆಸರು ಹೋಗಿ, ಇರಾನಿನ ಯಜ್ದ್ ಪಟ್ಟಣದಿಂದ ಬಂದ ಯೆಜ್ಡಿ ಎಂಬ ಹೆಸರು ಬಂತು. ಅದೇ ವರ್ಷ ನವೆಂಬರಿನಲ್ಲಿ ಮೈಸೂರು ರಾಜ್ಯವೂ ಹೆಸರು ಬದಲಿಸಿ ಕರ್ನಾಟಕವಾಯಿತು. 1985ರ ಸುಮಾರಿಗೆ ಕಡಿಮೆ ಪೆಟ್ರೋಲು ಕುಡಿಯುವ 100 ಸಿಸಿಯ ಜಪಾನಿ ತಂತ್ರದ ಗಾಡಿಗಳು ಬಂದವು. 1996ರಲ್ಲಿ ಯಾದವಗಿರಿಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರಿನಲ್ಲಿ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಬೇರೆ ಕಂಪನಿಯ ಹೊಸ ಗಾಡಿಗಳು ಬಂದಿವೆ. ಅವು ಬೇರೆ ಜಾತಿ, ಅವುಗಳ ಮಾತು ಇಲ್ಲಿ ಬೇಡ.

ಬಾಗಿಲು ಮುಚ್ಚಿದರೂ ಕೆಲಸ ಬಲ್ಲವರ ಕೈಗಳು ಊರಿನಲ್ಲೇ ಉಳಿದವು. ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ದುಡಿದ ಒಬ್ಬರು ನಮ್ಮ ಹಿಂದಿನ ಬೀದಿಯಲ್ಲಿದ್ದಾರೆ. ಅಪ್ಪನ ಸ್ನೇಹಿತರು, ನನಗೆ ಮಾಮ. ವಯಸ್ಸು ಎಂಬತ್ತರ ಮೇಲೆ. ಗಾಡಿ ತಳ್ಳಿಕೊಂಡು ಅವರ ಅಂಗಳಕ್ಕೆ ಹೋದೆ. ಅವರು ಎಂಜಿನ್ ಕಡೆ ನೋಡಲೇ ಇಲ್ಲ. ಎಡಗೈ ಹಿಡಿಯನ್ನು ಬೆರಳಲ್ಲಿ ಅಲ್ಲಾಡಿಸಿ, "ಸಡಿಲವೇ ಇಲ್ಲವಲ್ಲಮ್ಮಾ! ಯಾರು ಹಿಂಗೆ ಬಿಗಿದೋರು?" ಎಂದರು.

ಬಿಗಿಸಿದವಳು ನಾನೇ. ಮಗ ಓಡಿಸಲು ಶುರುಮಾಡುವಾಗ ಹೊಸ ಕೇಬಲ್ ಹಾಕಲು ಬಂದ ಹುಡುಗನಿಗೆ, "ಲೊಡಲೊಡ ಅನ್ನುತ್ತೆ, ಸರಿಯಾಗಿ ಬಿಗಿ ಮಾಡಪ್ಪ" ಎಂದು ತಲೆಯ ಮೇಲೆ ನಿಂತು ಹೇಳಿದ್ದೆ. ತರಗತಿಯಲ್ಲಿ ಬೆಂಚು ಅಲುಗಾಡಿದರೂ ಸಹಿಸದ ಸ್ವಭಾವ. ಆದರೆ ಆ ಹಿಡಿಯಲ್ಲಿ ಎರಡು ಮೂರು ಮಿಲಿಮೀಟರ್ ಸಡಿಲ ಇರಲೇಬೇಕಂತೆ. ಇಲ್ಲದಿದ್ದರೆ ಯಾರೋ ಸದಾ ಕ್ಲಚ್ಚನ್ನು ಚೂರು ಅದುಮಿ ಹಿಡಿದಂತೆ. ಸ್ಪ್ರಿಂಗುಗಳ ಒತ್ತಡ ಪ್ಲೇಟುಗಳಿಗೆ ಪೂರ್ತಿ ಸಿಗದೆ, ಅವು ಒಂದಕ್ಕೊಂದು ಉಜ್ಜಿ ಜಾರುತ್ತವೆ, ಕಾಯುತ್ತವೆ, ಕಾದಷ್ಟೂ ಜಾರುತ್ತವೆ. ಬೆಟ್ಟದಲ್ಲಿ ಅಪ್ಪ ಬೆರಳಲ್ಲಿ ತಿರುಗಿಸಿದ್ದು ಕೇಬಲ್ಲಿನ ಅಡ್ಜಸ್ಟರ್! ಅರ್ಧ ಗಂಟೆ ಕೂತದ್ದು ಪ್ಲೇಟು ಆರಲೆಂದು, ನನಗೆ ಕಡಲೆಕಾಯಿ ತಿನ್ನಿಸಲೆಂದಲ್ಲ.

"ಆದರೆ ಗೇರು ಚೆನ್ನಾಗಿ ಬೀಳ್ತಿದೆಯಲ್ಲ ಮಾಮ?"

"ಅದೇ ಕಣಮ್ಮಾ ಜಾವಾದ ಗುಟ್ಟು" ಎಂದು ಅವರು ಎಡಗಾಲಿನ ಸನ್ನೆ ತೋರಿಸಿದರು. ಜಾವಾದಲ್ಲಿ ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ಮಲಗಿಸಿದರೆ ಗೇರು. ಗೇರಿಗೆಂದು ಕಾಲಿಟ್ಟು ಅದುಮಿದಾಗ ಆ ಸನ್ನೆಯೇ ಒಳಗೆ ಕ್ಲಚ್ಚನ್ನೂ ಬಿಡಿಸುತ್ತದೆ, ಓಡುವಾಗ ಕೈಹಿಡಿ ಒತ್ತದಿದ್ದರೂ ಗೇರು ಬದಲಾಗುತ್ತದೆ. "ಗೇರು ಬಿದ್ದರೆ ಕ್ಲಚ್ಚು ಬಿಡ್ತದೆ ಅಂತ ಗೊತ್ತಾಯ್ತು ಅಷ್ಟೇ. ಬಿಡೋದು ಬೇರೆ, ಹಿಡಿಯೋದು ಬೇರೆ. ನಿನ್ನ ವ್ಯಾಪಾರಿ ಬಿಡೋದನ್ನ ನೋಡಿ ಹಿಡಿಯೋದಕ್ಕೆ ಮಾರ್ಕ್ಸ್ ಕೊಟ್ಟವನೆ."

ಎಣ್ಣೆ ಬಸಿದು ಎಡಗಡೆಯ ಮುಚ್ಚಳ ತೆಗೆದೆವು. ಕೆಲಸ ನನ್ನ ಕೈಯದು, ಮಾತು ಅವರದು. ಉಕ್ಕಿನ ಪ್ಲೇಟುಗಳು ಕಾದು ನೀಲಿಯಾಗಿದ್ದವು. ಕಾರ್ಕ್ ಕೂರಿಸಿದ ಪ್ಲೇಟುಗಳು ಮೊದಲು ಒರಟಾಗಿರಬೇಕು, ಇವು ನೆಲ್ಲಿಕಾಯಿಯಂತೆ ನುಣ್ಣಗಾಗಿ ಹೊಳೆಯುತ್ತಿದ್ದವು, ಕೆಲವು ಕರಕಲು. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಎತ್ತರ ಹೋಲಿಸಿದರು, ಎಲ್ಲವೂ ಒಂದೇ ಸಮ. ಪ್ಲೇಟಿನ ಹಲ್ಲು ತಾಗಿ ಡ್ರಮ್ಮಿನಲ್ಲಿ ಗುಳಿ ಬಿದ್ದಿದ್ದನ್ನು ಅರದಿಂದ ಹಗುರಾಗಿ ಉಜ್ಜಿಸಿದರು. ಹಿಂದಿನ ಚೈನು ಡಬ್ಬಿಯೊಳಗೆ ಮುಚ್ಚಿಕೊಂಡಿರುವ ಗಾಡಿ ಇದು, ಮೇಲಿಂದ ನೋಡಿ ಏನೂ ಹೇಳಲಾಗದು. ಅದನ್ನೂ ಬಿಚ್ಚಿದೆವು. ಚೈನು ಕೊಂಚ ಜೋಲಿತ್ತು, ಸ್ಪ್ರಾಕೆಟ್ಟಿನ ಹಲ್ಲು ಸರಿಯಾಗಿದ್ದವು.

ಹೊಸ ಪ್ಲೇಟುಗಳು ಊರಲ್ಲೇ ಸಿಕ್ಕವು, ಹಳೇ ಜಾವಾ ಸಾಕುವವರ ಬಳಗ ದೊಡ್ಡದಿದೆ. ಅವನ್ನು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿಟ್ಟೆವು, ಮಾಮಿ ತಮ್ಮ ಒಗ್ಗರಣೆ ಪಾತ್ರೆ ಹೋಯಿತೆಂದು ಗೊಣಗಿದರು. ಮರುದಿನ ಕೂರಿಸಿ, ಹೊಸ ಗೇರೆಣ್ಣೆ ಹಾಕಿ, ಕೈಹಿಡಿಯ ಸಡಿಲವನ್ನು ಮಾಮ ತಾವೇ ಬೆರಳಿಟ್ಟು ಅಳೆದರು. ಆಮೇಲೆ ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಹಿಂದೆ ಕೂತರು. ಎಲ್ಲಿಗೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೆಟ್ಟದ ತಿರುವುಗಳಲ್ಲಿ ಎರಡು ಸೈಲೆನ್ಸರುಗಳ ಸದ್ದು ಏರಿದಂತೆಲ್ಲ ಗಾಡಿಯೂ ಏರಿತು.

ಮೇಲಿನಿಂದ ತಮ್ಮನಿಗೆ ಫೋನು ಮಾಡಿದೆ.

"ಎಲ್ಲಿದೀಯಾ ಅಕ್ಕಾ, ಇಷ್ಟೊಂದು ಗಾಳಿ?"

"ಬೆಟ್ಟದ ಮೇಲೆ. ಜಾವಾದಲ್ಲಿ ಬಂದೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ವ್ಯಾಪಾರಿ ನಾಳೆ ಬರ್ತಾನಲ್ಲ?" ಎಂದ.

"ಬರ್ತಾನೆ. ಏನು ಹೇಳಲಿ?"

"ದಸರಾಕ್ಕೆ ನಾನು ಬರ್ತೀನಿ. ಒಂದು ರೌಂಡು ಹೊಡೀತೀನಿ. ಅಲ್ಲೀವರೆಗೆ ಏನೂ ಹೇಳಬೇಡ."