ಮೂತ್ರೋತ್ಪತ್ತಿಯ ಅರಿವು ಬೆಳೆದ ಬಗೆ

ಮೂತ್ರದ ತೊಂದರೆಗಳಿಗೆ ಮದ್ದು, ಶಸ್ತ್ರಚಿಕಿತ್ಸೆ ಹುಡುಕಿದ ಎಷ್ಟೋ ಶತಮಾನಗಳ ನಂತರ ಮೂತ್ರ ಹೇಗೆ ತಯಾರಾಗುತ್ತದೆ ಎಂಬುದು ವೈದ್ಯರಿಗೆ ತಿಳಿಯಿತು. ಸುಶ್ರುತ ಸಂಹಿತೆ ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ಕ್ರಮವನ್ನು ವಿವರಿಸುತ್ತದೆ. ಉರಿಮೂತ್ರ, ಮೂತ್ರ ಕಟ್ಟುವುದು ಮುಂತಾದವನ್ನು ವಿಂಗಡಿಸಿ ಹೇಳುತ್ತದೆ. ಆದರೆ ಮೂತ್ರಕೋಶ ತುಂಬುವ ಬಗೆಯ ಮಾತು ಬಂದಾಗ, ಕಂಠದವರೆಗೆ ನೀರಲ್ಲಿಟ್ಟ ಹೊಸ ಮಡಕೆಗೆ ಪಕ್ಕಗಳಿಂದ ನೀರು ಜಿನುಗುವಂತೆ, ಸಾವಿರಾರು ಸೂಕ್ಷ್ಮ ನಾಳಗಳಿಂದ ಮೂತ್ರ ಬಂದು ಸೇರುತ್ತದೆ ಎನ್ನುತ್ತದೆ. ಅಲ್ಲಿ ಮೂತ್ರಪಿಂಡಕ್ಕೆ ಪಾತ್ರವಿಲ್ಲ. ಇದನ್ನು ಬರೀ ತಪ್ಪೆಂದು ತಳ್ಳಿಹಾಕುವುದು ಸುಲಭ. ಆದರೆ ಜಿನುಗುವಿಕೆಯ ಊಹೆ ಸರಿಯಾಗಿಯೇ ಇತ್ತು, ಜಾಗ ಮಾತ್ರ ತಪ್ಪಿತ್ತು. ಜಾಗವನ್ನು ತೋರಿಸಿಕೊಟ್ಟವನು ಕ್ರಿ.ಶ. 2ನೇ ಶತಮಾನದ ವೈದ್ಯ ಗೇಲನ್. ಜೀವಂತ ಪ್ರಾಣಿಯಲ್ಲಿ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳಗಳನ್ನು ಅವನು ದಾರದಿಂದ ಬಿಗಿದಾಗ ಮೇಲಿನ ಭಾಗ ಉಬ್ಬಿತು, ಮೂತ್ರಕೋಶ ಬರಿದಾಗಿಯೇ ಉಳಿಯಿತು. ಗಂಟು ಬಿಚ್ಚಿದೊಡನೆ ಮೂತ್ರ ಹರಿಯಿತು.

ಮೂತ್ರಪಿಂಡ ಮೂತ್ರವನ್ನು ಹೇಗೆ ತಯಾರಿಸುತ್ತದೆ ಎಂಬ ಉಳಿದ ಗುಟ್ಟೂ ಸೂಕ್ಷ್ಮದರ್ಶಕ ಬಂದ ಮೇಲೆ ಬಯಲಾಗಬೇಕಿತ್ತು, ಆಗಲಿಲ್ಲ. ಅಂಗರಚನಾಶಾಸ್ತ್ರಜ್ಞ ಮಾಲ್ಪೀಗಿ 1666ರಲ್ಲಿ ಮೂತ್ರಪಿಂಡದೊಳಗಿನ ಪುಟ್ಟ ಗುಂಡುಗಳನ್ನು ವರ್ಣಿಸಿದ. ಅವು ಕೋಶದೊಳಗೆ ಕುಳಿತ ರಕ್ತನಾಳಗಳ ಗೊಂಚಲುಗಳೆಂದೂ, ಆ ಕೋಶ ಮುಂದೆ ಕಿರುನಾಳವಾಗಿ ಸಾಗುತ್ತದೆಂದೂ 1842ರಲ್ಲಿ ವೈದ್ಯ ಬೌಮನ್ ತೋರಿಸಿದ. ಗೊಂಚಲು ನೀರು ಬಿಡುತ್ತದೆ, ಕಿರುನಾಳದ ಗೋಡೆ ಕಲ್ಮಶ ಸ್ರವಿಸುತ್ತದೆ ಎಂಬುದು ಬೌಮನ್‌ನ ತೀರ್ಮಾನ. ಅದೇ ರಚನೆಯಿಂದ ಶರೀರಶಾಸ್ತ್ರಜ್ಞ ಲುಡ್ವಿಗ್ ಬೇರೆಯದನ್ನೇ ಹೇಳಿದ: ರಕ್ತದ ಒತ್ತಡಕ್ಕೆ ದ್ರವವೆಲ್ಲ ಗೊಂಚಲಿನಲ್ಲೇ ಸೋಸಿ ಬರುತ್ತದೆ, ಕಿರುನಾಳ ಬೇಕಾದದ್ದನ್ನು ಹಿಂದಕ್ಕೆ ಹೀರುತ್ತದೆ. ಕಣ್ಣಿಗೆ ಕಂಡದ್ದು ಒಂದೇ, ಅರ್ಥ ಎರಡು. ಇತ್ಯರ್ಥವಾಗಲು ಎಂಬತ್ತು ವರ್ಷ ಹಿಡಿಯಿತು. 1924ರಲ್ಲಿ ಅಮೆರಿಕದ ರಿಚರ್ಡ್ಸ್ ಮತ್ತು ವರ್ನ್ ಕಪ್ಪೆಯ ಮೂತ್ರಪಿಂಡದ ಒಂದೇ ಒಂದು ಗೊಂಚಲಿನ ಕೋಶಕ್ಕೆ ಕೂದಲೆಳೆಯಂಥ ನಳಿಕೆ ಚುಚ್ಚಿ ದ್ರವ ಹೀರಿದರು. ಅದರಲ್ಲಿ ಸಕ್ಕರೆಯಿತ್ತು, ಪ್ರೋಟೀನ್ ಇರಲಿಲ್ಲ. ಮೂತ್ರಕೋಶದ ಮೂತ್ರದಲ್ಲಿ ಸಕ್ಕರೆಯೂ ಇರಲಿಲ್ಲ. ಅಂದರೆ ಸೋಸುವುದೂ ನಿಜ, ಹಿಂದಕ್ಕೆ ಪಡೆಯುವುದೂ ನಿಜ. ಮನುಷ್ಯನಲ್ಲಿ ದಿನಕ್ಕೆ ಸುಮಾರು 180 ಲೀಟರ್ ಸೋಸಲ್ಪಟ್ಟು, ಒಂದೂವರೆ ಲೀಟರಿನಷ್ಟು ಮಾತ್ರ ಹೊರಹೋಗುತ್ತದೆ.

ಹಾಗಾದರೆ ಬೌಮನ್ ಪೂರ್ತಿ ಸೋತನೇ ಎಂದರೆ, ಇಲ್ಲ. ಕಿರುನಾಳ ಕೆಲವು ವಸ್ತುಗಳನ್ನು ತಾನೇ ಸ್ರವಿಸುತ್ತದೆಂದು ಶರೀರಶಾಸ್ತ್ರಜ್ಞ ಮಾರ್ಷಲ್ 1923ರಲ್ಲಿ ಬಣ್ಣದ ದ್ರಾವಣ ಬಳಸಿ ತೋರಿಸಿದ್ದ. ಗೊಂಚಲೇ ಇಲ್ಲದ ಮೀನುಗಳೂ ಮೂತ್ರ ತಯಾರಿಸುತ್ತವೆ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕಲ್ಲು ತೆಗೆಯಲು, ಕಟ್ಟಿದ ಮೂತ್ರವನ್ನು ನಳಿಕೆಯಿಂದ ಇಳಿಸಲು ಈ ವಾದವೆಲ್ಲ ಬೇಕಿರಲಿಲ್ಲವಲ್ಲ? ನಿಜ, ಬೇಕಿರಲಿಲ್ಲ. ಪ್ರಾಸ್ಟೇಟ್ ಬೆಳೆದು ಧಾರೆ ಸಣ್ಣದಾದರೆ, ಹೆಂಗಸರಲ್ಲಿ ಮೂತ್ರದ್ವಾರದ ನಾಳ ಗಿಡ್ಡವಾದ್ದರಿಂದ ಸೋಂಕು ತಗುಲಿ ಉರಿಯಾದರೆ, ರೋಗಿಗೇ ಗೊತ್ತಾಗುತ್ತದೆ. ಆದರೆ ಸೋಸುವ ಗೊಂಚಲುಗಳು ಹಾಳಾಗುವಾಗ ನೋವಿಲ್ಲ, ಮೂತ್ರದ ಪ್ರಮಾಣವೂ ಬಹುಕಾಲ ಕಡಿಮೆಯಾಗದಿರಬಹುದು. ಆ ಕಾಯಿಲೆಯನ್ನು ಹಿಡಿಯುವ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಗಳಿಗೆ ಪೂರ್ಣ ಅರ್ಥ ಬಂದದ್ದು ಸೋಸುವಿಕೆ ಖಚಿತವಾದ ಮೇಲೆಯೇ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಮೂತ್ರ ಸಲೀಸಾಗಿ ಹೋಗುತ್ತಿದ್ದರೂ ಈ ಎರಡನ್ನೂ ವರ್ಷಕ್ಕೊಮ್ಮೆ ಮಾಡಿಸಬೇಕು.